ಎರಡನೇ ಸಲ ಕೇಳದವರ ಊರಿನಲ್ಲಿ

ಫ್ರಾಂಕ್‌ಫರ್ಟ್

ನಮ್ಮ ರೊಟ್ಟಿಯನ್ನು ಜರ್ಮನಿಯವರು ಮೊದಲು ಕಿವಿಯಿಂದ ಪರೀಕ್ಷಿಸಿದರು. ಖಡಕ್ ಜೋಳದ ರೊಟ್ಟಿಗಳನ್ನು ಎತ್ತರಕ್ಕೆ ಒಟ್ಟಿ, ಹಳೆಯ ಧೋತರದಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟಿದ್ದೆ. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಬಿಚ್ಚಿ ಒಂದು ರೊಟ್ಟಿ ತೆಗೆದು, ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ. ಅವನೂ ತಟ್ಟಿದ. ನನ್ನ ಅಣ್ಣ ಮುಂದೆ ಹೋಗಿ, "ಬ್ರೆಡ್, ಬ್ರೆಡ್" ಎಂದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಣ್ಣ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದು ತೋರಿಸಿದ. ಅಧಿಕಾರಿ ರೊಟ್ಟಿಯನ್ನು ಬಿಟ್ಟು ಅಣ್ಣನ ಹಲ್ಲುಗಳನ್ನೇ ನೋಡಿದ. ಆಮೇಲೆ ಹೋಗಿ ಎಂದು ಕೈ ಬೀಸಿದ.

ನಾನು ಆರನೇ ಇಯತ್ತೆಯವರೆಗೆ ಓದಿದವಳು. ಗದಗಿನಿಂದ ಆಚೆಗೆ ನಾನು ಕಂಡದ್ದು ಹುಬ್ಬಳ್ಳಿ ಮತ್ತು ಒಮ್ಮೆ ಪಂಢರಪುರ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದೆ. ಅಣ್ಣ ಚನ್ನಪ್ಪ ನಮ್ಮೂರಿನ ಕಾಲೇಜೊಂದರಲ್ಲಿ ಆಟದ ಮಾಸ್ತರ. ಎಲ್ಲ ಕಾಲೇಜುಗಳೂ ಕ್ರಿಕೆಟ್ ಎಂದರೆ ಇವನು ಬೇಸ್‌ಬಾಲ್ ಎಂದ. ಯಾವುದೋ ತರಬೇತಿಗೆಂದು ಉತ್ತರ ಭಾರತದ ಕಡೆ ಹೋದಾಗ ಆ ಆಟ ಇವನಿಗೆ ಅಂಟಿಕೊಂಡಿತು. ಚಿನ್ನಿದಾಂಡನ್ನೂ ಲಗೋರಿಯನ್ನೂ ಬೆರೆಸಿದ ಹಾಗೆ ಇರುವ ಆಟ ಅದು: ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ಹೊಡೆದು ಓಡುತ್ತಾನೆ, ಉಳಿದವರು ಬೆನ್ನು ಹತ್ತುತ್ತಾರೆ. ಅಣ್ಣ ತನ್ನ ಇಡೀ ನೌಕರಿಯನ್ನು ಅದಕ್ಕೆ ಹಾಕಿದ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಮುಂದಿನ ತಿಂಗಳು ಟೂರ್ನಮೆಂಟ್ ಇದೆ ಎಂದ. ಗೆದ್ದದ್ದು ಕಡಿಮೆ. ಆದರೂ ವರ್ಷ ವರ್ಷ ಹೊಸ ಹುಡುಗರು ಬಂದರು, ನನ್ನ ಅಡುಗೆಮನೆಯ ರೊಟ್ಟಿ ತಿಂದು ಹೋದರು. ಅಣ್ಣ ನಿವೃತ್ತನಾದ ಮೇಲೆ ಕಾಲೇಜು ಆ ಆಟವನ್ನೂ ನಿಲ್ಲಿಸಿತು.

ನಮ್ಮನ್ನು ಕರೆಸಿಕೊಂಡವನು ಆ ಹುಡುಗರಲ್ಲಿ ಒಬ್ಬನಾದ ವೀರೇಶ. ಅಮೆರಿಕದ ಹಾಗೆ ಅಲ್ಲಿಯೂ ಗ್ರೀನ್ ಕಾರ್ಡ್ ಕೊಡುತ್ತಾರೆಂದು ನಮ್ಮ ಕಡೆಯ ಇಂಜಿನಿಯರುಗಳು ಜರ್ಮನಿಗೆ ಹೊರಟಿದ್ದ ವರ್ಷಗಳು ಅವು. ವೀರೇಶ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಶ್ವೀಬರ್ಡಿಂಗೆನ್ ಎಂಬ ಊರಿಗೆ ಹೋಗಿ, ಕಾರುಗಳ ಒಳಗಿನ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದ. "ಸರ್, ಇಲ್ಲೂ ನಮ್ಮ ಆಟ ಆಡ್ತಾರ್ರಿ, ಬಂದು ನೋಡ್ರಿ" ಎಂದು ಫೋನಿನಲ್ಲಿ ಹಟ ಹಿಡಿದಿದ್ದ.

ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲು ಬಂತು. ಅಣ್ಣ ಹತ್ತಿ ಮೇಲೆ ಹೋಗಿಬಿಟ್ಟ. ನಾನು ಸೀರೆಯ ನಿರಿಗೆ ಹಿಡಿದು ಕೆಳಗೇ ನಿಂತೆ. ನನ್ನ ಹಿಂದೆ ಜನ ಸಾಲಾಗಿ ನಿಂತರು. ಯಾರೂ ತಳ್ಳಲಿಲ್ಲ, ಯಾರೂ ಬೈಯಲಿಲ್ಲ. ಅದು ಇನ್ನೂ ಹೆಚ್ಚು ಗಾಬರಿ ತಂದಿತು. ಮೇಲಿನಿಂದ ಅಣ್ಣ ಮೈದಾನದ ದನಿಯಲ್ಲಿ ಕೂಗಿದ: "ಕಮಲೀ, ಓಡಬ್ಯಾಡ! ಬಾಲ್ ಬರೋದ ನೋಡ್ತಾರಲ್ಲ, ಹಂಗ ನೋಡು! ಹಾಂ, ಈಗ ಇಡು ಕಾಲು!" ಇಟ್ಟೆ. ಮೇಲೆ ಬಂದೆ. ಹಿಂದಿನಿಂದ ಒಬ್ಬ ಮುದುಕಿ ಚಪ್ಪಾಳೆ ತಟ್ಟಿದಳು.

ಶ್ವೀಬರ್ಡಿಂಗೆನ್

ಊರು ಚಿಕ್ಕದು. ಸುತ್ತ ಜೋಳದ ಹೊಲ ಕಂಡು ಮನಸ್ಸಿಗೆ ಹಾಯೆನಿಸಿತು. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಜೋಳವಲ್ಲ, ಗೋವಿನಜೋಳ, ಅದೂ ದನಕ್ಕೆ ಹಾಕುವುದು ಎಂದರು. ಅಲ್ಲಿ ನನಗೆ ಎಲ್ಲವೂ ಹಾಗೇ ಆಗುತ್ತಿತ್ತು. ಗುರುತು ಹತ್ತಿತು ಎನ್ನುವಷ್ಟರಲ್ಲಿ ಬೇರೆಯದಾಗುತ್ತಿತ್ತು.

ವೀರೇಶನ ಮನೆ ಎರಡನೇ ಮಹಡಿಯಲ್ಲಿ. ಬೆಳಿಗ್ಗೆ ಎದ್ದವಳ ಕೈ ಸುಮ್ಮನಿರಲಿಲ್ಲ. ಕಸಬರಿಗೆ ಹುಡುಕಿ ಮೆಟ್ಟಿಲುಗಳನ್ನು ಕೆಳಗಿನವರೆಗೆ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲ ಮುಂದೆ ಒಂದು ಸಣ್ಣ ರಂಗೋಲಿಯನ್ನೂ ಹಾಕಿದೆ. ಮೂರು ದಿನ ಹಾಗೆ ಮಾಡಿದ ಮೇಲೆ ಕೆಳಗಿನ ಮನೆಯ ಹೆಂಗಸು ಮೇಲೆ ಬಂದಳು. ಹೊಗಳಲಿಕ್ಕೆ ಬಂದಿದ್ದಾಳೆ ಎಂದು ನಾನು ಸೆರಗು ಸರಿಮಾಡಿಕೊಂಡೆ. ಅವಳು ವೀರೇಶನ ಹೆಂಡತಿ ರೇಖಾಳ ಜೊತೆ ಬಹಳ ಹೊತ್ತು ಮಾತಾಡಿದಳು. ಕಣ್ಣಲ್ಲಿ ನೀರು ಬಂದಂತಿತ್ತು.

ರೇಖಾ ಮೈಸೂರಿನವಳು. ಮೆತ್ತಗೆ ಹೇಳಿದಳು: "ಆಂಟೀ, ಇನ್ಮೇಲೆ ಮೆಟ್ಟಿಲು ಗುಡಿಸ್ಬೇಡಿ. ಈ ವಾರ ಅವ್ರದ್ದು ಕೆರ್‌ವೊಖೆ."

"ಅಂದ್ರ?"

"ಗುಡಿಸೋ ಸರದಿ. ವಾರಕ್ಕೊಂದು ಮನೆಯವ್ರು. ಬಾಗ್ಲಿಗೆ ಬೋರ್ಡ್ ತಗುಲಿಸಿರ್ತಾರೆ ನೋಡಿ. ನಾನೇನು ಕೊಳಕಿಯಾ, ನನ್ ಸರದೀಲಿ ಇವ್ರು ಯಾಕೆ ಗುಡಿಸ್ತಾರೆ ಅಂತ ಕೇಳ್ತಾ ಇದಾರೆ."

ನಮ್ಮ ಓಣಿಯಲ್ಲಿ ಪಕ್ಕದವರ ಅಂಗಳವನ್ನೂ ಸೇರಿಸಿ ಗುಡಿಸಿದರೆ ಅವರು ಚಹಾಕ್ಕೆ ಕರೆಯುತ್ತಾರೆ. ಇಲ್ಲಿ ಅಳುತ್ತಾರೆ. ನಾನು ಕಸಬರಿಗೆ ಒಳಗಿಟ್ಟೆ. ಆಮೇಲೆ ಏನು ಮಾಡುವುದಕ್ಕೂ ಇದು ಯಾರ ಸರದಿಯೋ ಎಂದು ಅನುಮಾನ ಬರತೊಡಗಿತು. ರೇಖಾಳ ಅಡುಗೆಮನೆಯಲ್ಲಿ ಒಲೆ ಹೊತ್ತಿಸಲಿಕ್ಕೇ ನನಗೆ ಬರಲಿಲ್ಲ. ಬೆಂಕಿ ಇಲ್ಲದ ಕಪ್ಪು ಗಾಜಿನ ಒಲೆ. ವೀರೇಶನ ಮಗಳನ್ನು "ಉಂಡ್ಯಾ ಕೂಸ?" ಎಂದು ಕೇಳಿದರೆ ಅವಳು ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಹೂಂ ಎಂದಳೋ ಉಹೂಂ ಎಂದಳೋ ಎಂದು ಅವಳ ತಲೆ ಅಲ್ಲಾಡುವುದನ್ನೇ ನೋಡುತ್ತಿದ್ದೆ.

ಅಣ್ಣನಿಗೆ ಮಾತ್ರ ಆ ಊರು ಮೊದಲ ದಿನವೇ ಹೊಂದಿಬಿಟ್ಟಿತು. ರಸ್ತೆ ದಾಟುವಲ್ಲಿ ಕೆಂಪು ದೀಪ ಇತ್ತು. ಆ ಕಡೆ ಈ ಕಡೆ ಒಂದು ಗಾಡಿಯೂ ಇಲ್ಲ. ಆದರೂ ಎಲ್ಲರೂ ನಿಂತಿದ್ದರು. ಅಣ್ಣ ಮೆಚ್ಚುಗೆಯಿಂದ ನೋಡಿ, "ಇವರಿಗೆ ನಮ್ಮ ಆಟ ಬರ್ತದ. ಸಿಗ್ನಲ್ ಬರೂತನಕ ಓಡೂದಿಲ್ಲ" ಎಂದ.

ಮೈದಾನ

ಭಾನುವಾರ ವೀರೇಶ ನಮ್ಮನ್ನು ಪಕ್ಕದ ಊರಿನ ಮೈದಾನಕ್ಕೆ ಕರೆದೊಯ್ದ. ಅಲ್ಲಿ ಎಲ್ಲದಕ್ಕೂ ಒಂದು ಫೆರಾಯಿನ್ ಇರುತ್ತದೆ, ನಮ್ಮಲ್ಲಿ ಸಂಘ ಎನ್ನುವ ಹಾಗೆ. ಹಾಡುವವರದ್ದೊಂದು, ಮೊಲ ಸಾಕುವವರದ್ದೊಂದು, ಬೇಸ್‌ಬಾಲಿನದ್ದೊಂದು. ಯಾರಿಗೂ ಸಂಬಳವಿಲ್ಲ, ಮಕ್ಕಳ ತಾಯಿತಂದೆಯರೇ ಹುಲ್ಲು ಕತ್ತರಿಸುತ್ತಾರೆ, ಸುಣ್ಣದ ಗೆರೆ ಹಾಕುತ್ತಾರೆ. ಆ ಸಂಘದ ಅಧ್ಯಕ್ಷೆ ಫ್ರಾವ್ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ಎತ್ತರದ ಹೆಂಗಸು, ಗಂಡಸರಂತೆ ಚಡ್ಡಿ ಹಾಕಿಕೊಂಡಿದ್ದಳು. ಅಣ್ಣನ ಕೈಯನ್ನು ಗಟ್ಟಿಯಾಗಿ ಕುಲುಕಿದಳು. ನನ್ನ ಕೈಯನ್ನೂ ಕುಲುಕಿದಳು. ಗಂಡ ತೀರಿದ ಮೇಲೂ ಅಣ್ಣ ತೆಗೆಯಗೊಡದಿದ್ದ ಗಾಜಿನ ಬಳೆಗಳಲ್ಲಿ ಒಂದು ಒಡೆಯಿತು. ಅವಳು ಬಗ್ಗಿ ಚೂರುಗಳನ್ನೆಲ್ಲ ಆರಿಸಿ ನನ್ನ ಅಂಗೈಗೆ ಕೊಟ್ಟಳು. ಅವನ್ನು ಏನು ಮಾಡಬೇಕೆಂದು ತಿಳಿಯದೆ ಆಟ ಮುಗಿಯುವವರೆಗೆ ಹಿಡಿದುಕೊಂಡೇ ಕೂತೆ.

ಆಡುತ್ತಿದ್ದವರು ಹದಿಮೂರು ಹದಿನಾಲ್ಕರ ಮಕ್ಕಳು, ಹುಡುಗರೂ ಹುಡುಗಿಯರೂ. ಒಂದು ಪಾಳಿ ಮುಗಿಯಿತು. ಚೆಂಡು ಹಿಡಿಯುತ್ತಿದ್ದ ಮಕ್ಕಳು ಕೈಯಲ್ಲಿ ಚರ್ಮದ ಗ್ಲೌಸ್ ಹಾಕಿಕೊಂಡೇ ಹೊರಗೆ ಬರತೊಡಗಿದರು. ಅಣ್ಣ ತಟ್ಟನೆ ಎದ್ದು ನಿಂತ.

"ಗ್ಲೌಸ್! ಏ ತಮ್ಮಾ, ಗ್ಲೌಸ್ ಬಿಟ್ಟು ಬಾರೋ!"

ನಾವು ಹಿಡಿಯುವ ಮೊದಲೇ ಗೆರೆ ದಾಟಿ ಮೈದಾನದೊಳಕ್ಕೆ ಓಡಿದ. ಎದುರು ಬಂದ ಹುಡುಗಿಯ ಕೈಯಿಂದ ಗ್ಲೌಸ್ ಬಿಡಿಸಿ, ಇನ್ನೊಂದು ತಂಡದ ಹುಡುಗನ ಕೈಗೆ ತೊಡಿಸತೊಡಗಿದ. ಆ ಹುಡುಗನ ಕೈಯಲ್ಲಿ ಆಗಲೇ ಅವನದೇ ಒಂದು ಇತ್ತು. ಅಂಪೈರ್ ಆಟ ನಿಲ್ಲಿಸಿದ. ಹುಡುಗಿಯ ತಂದೆ ಎದ್ದು ನಿಂತ. ಎಲ್ಲರೂ ನಮ್ಮ ಕಡೆ ನೋಡಿದರು, ನಾನು ಬಳೆ ಚೂರುಗಳನ್ನು ನೋಡಿದೆ.

ಅಣ್ಣನ ತಪ್ಪು ನನಗೂ ವೀರೇಶನಿಗೂ ತಕ್ಷಣ ತಿಳಿಯಿತು. ನಮ್ಮ ಕಾಲೇಜಿನಲ್ಲಿ ಇದ್ದದ್ದೇ ಒಂದು ತಂಡಕ್ಕೆ ಸಾಲುವ ಒಂಬತ್ತು ಗ್ಲೌಸು. ನಮ್ಮ ಜೊತೆ ಆಡಲು ಬರುವ ಕಾಲೇಜುಗಳ ಹತ್ತಿರ ಅದೂ ಇರುತ್ತಿರಲಿಲ್ಲ. ಹಾಗಾಗಿ ಪಾಳಿ ಮುಗಿದ ಕೂಡಲೇ ನಮ್ಮ ಹುಡುಗರು ಗ್ಲೌಸ್ ಬಿಚ್ಚಿ ನಿಂತಲ್ಲೇ ನೆಲದ ಮೇಲಿಟ್ಟು ಬರಬೇಕು; ಎದುರಿನವರು ಅದೇ ಜಾಗಕ್ಕೆ ಹೋಗಿ ಅದನ್ನೇ ತೊಟ್ಟು ಆಡಬೇಕು. ಯಾರಾದರೂ ಮರೆತು ತಂದರೆ ಅಣ್ಣ ಹೀಗೇ ಓಡುತ್ತಿದ್ದ. ಅವನ ಪಾಲಿಗೆ ಅದು ಆಟದ ನಿಯಮವೇ ಆಗಿತ್ತು.

ವೀರೇಶ ನಗುತ್ತ ಜರ್ಮನ್‌ನಲ್ಲಿ ವಿವರಿಸಿದ. "ನಾನೂ ಇಲ್ಲಿ ಮೊದಲ ದಿನ ಹಂಗ ಮಾಡಿದ್ದೆ ಸರ್. ಗ್ಲೌಸ್ ನೆಲಕ್ಕಿಟ್ಟು ಬಂದೆ. ಕಳಕೊಂಡಾನು ಅಂತ ಮಂದಿ ಹಿಂದಿಂದ ತಂದು ಕೊಟ್ರು" ಎಂದ ನಮಗೆ. ಜನ ನಕ್ಕರು. ಹುಡುಗಿಯ ತಂದೆಯೂ ನಕ್ಕು ಕೂತ. ಫ್ರಾವ್ ಕೆಲ್ಲರ್ ಮಾತ್ರ ನಗಲಿಲ್ಲ. ಆಟ ಮುಗಿದ ಮೇಲೆ ಅವಳು ಮಕ್ಕಳನ್ನು ಕರೆದು ಗ್ಲೌಸ್‌ಗಳನ್ನು ಬಿಚ್ಚಿಡಲು ಹೇಳಿ, ಅಣ್ಣನಿಗೆ ಒಂದು ಚೆಂಡು ಕೊಟ್ಟಳು.

ಅಣ್ಣ ಬರಿಗೈಯಲ್ಲಿ ಚೆಂಡು ಹಿಡಿಯುವುದನ್ನು ತೋರಿಸಿದ. ಭಾಷೆ ಬೇಕಾಗಲಿಲ್ಲ. ಚೆಂಡು ಬಂದ ಹಾಗೆ ಕೈಯನ್ನೂ ಹಿಂದಕ್ಕೆ ಒಯ್ದು, ಕೂಸನ್ನು ಇಸಿದುಕೊಳ್ಳುವವರ ಹಾಗೆ ಇಸಿದುಕೊಂಡ. ಮಕ್ಕಳು ಮೊದಲು ಕೈ ಉರಿಯಿತೆಂದು ಕುಣಿದರು, ಆಮೇಲೆ ಬಿಡಲೊಲ್ಲರು. ಇನ್ನೊಂದು, ಇನ್ನೊಂದು ಎನ್ನುವುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. "ಅಲಲೇ, ಹುಲಿ!" ಎಂದು ಅಣ್ಣ ಕೂಗುತ್ತಿದ್ದ. ಖುಷಿಯ ಆ ದನಿ ನಾನು ಕೇಳದೆ ಎರಡು ವರ್ಷವಾಗಿತ್ತು.

ಹುಲ್ಲಿನ ಮೇಲಿನ ಊಟ

ಮುಂದಿನ ಭಾನುವಾರ ಸಂಘದವರ ಊಟ. ಮರದ ಕೆಳಗೆ ಬೆಂಚು ಹಾಕಿ, ಇದ್ದಿಲ ಒಲೆಯಲ್ಲಿ ಸುಡುವುದನ್ನು ಸುಡುತ್ತಿದ್ದರು. ನಮಗಾಗಿ ಬೇರೆ ಬಾಣಲೆಯಲ್ಲಿ ಬದನೆಕಾಯಿ. ನಾನು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಒಬ್ಬೊಬ್ಬರು ಒಂದೊಂದು ತಿಂದು ಚೆನ್ನಾಗಿದೆ ಎಂದು ತಲೆದೂಗಿದರು. ಇನ್ನೊಂದು ತಗೊಳ್ಳಿ ಎಂದರೆ ಬೇಡ ಎಂದರು. ಬೇಡ ಎಂದವರಿಗೆ ಬಿಡುವ ಅಭ್ಯಾಸ ನಮ್ಮ ಮನೆಯದ್ದಲ್ಲ. ನಾನು ಹಾಕಿಯೇ ಬಿಟ್ಟೆ. ಅವರು ಬೈಯಲಿಲ್ಲ. ನಕ್ಕರು, ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದರು. ಮೇಜಿನ ಉದ್ದಕ್ಕೂ ನನ್ನ ಹೋಳಿಗೆಗಳು ಒಂದೊಂದಾಗಿ ಉಳಿದವು.

ಆಗ ಫ್ರಾವ್ ಕೆಲ್ಲರ್ ಅಣ್ಣನ ಎದುರು ಬಂದು ಕೂತಳು. ಅವಳು ಹೇಳಿದ್ದನ್ನು ವೀರೇಶ ಕನ್ನಡದಲ್ಲಿ ಹೇಳಿದ: "ಸರ್, ಮಕ್ಕಳ ಕೋಚ್ ಬ್ಯಾರೆ ಊರಿಗೆ ಹೋಗ್ಯಾನ್ರಿ. ಸೀಸನ್ ಮುಗಿಯೂತನಕ ನೀವು ಇದ್ದು ಈ ಮಕ್ಕಳಿಗೆ ಕಲಿಸ್ತೀರೇನು ಅಂತ ಕೇಳಾಕತ್ತಾರ. ವೀಸಾ ಮೂರು ತಿಂಗಳದ್ದು ಐತಿ, ನಮ್ಮ ಮನಿ ಐತಿ. ಟಿಕೀಟು ಮುಂದಕ್ಕ ಹಾಕಿಸಿದ್ರಾತು."

ಅಣ್ಣನ ಕಿವಿಗಳು ಕೆಂಪಾದವು. ಅವನು ಎಂದೂ ಬಾಯಿ ತುಂಬ ನಗುವವನಲ್ಲ. ಖುಷಿಯಾದರೆ ಕಿವಿ ಕೆಂಪಾಗುತ್ತದೆ. ಎರಡೂ ಕೈ ಅಡ್ಡ ಮಾಡಿ, "ನೋ ನೋ ಮೇಡಂ, ಐ ಓಲ್ಡ್ ಮ್ಯಾನ್. ವಾಟ್ ಐ ಡೂ" ಎಂದ.

ಎಲೆಯ ಮುಂದೆ ಕೂತವನು ಪಾಯಸ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಆ ಕೈಯನ್ನು ಸರಿಸಿ ಬಡಿಸುವುದು ಬಡಿಸುವವರ ಕೆಲಸ. ನಮ್ಮ ಕಾಲೇಜಿನವರು ಮೊದಲು ಕೆಲಸಕ್ಕೆ ಕರೆದಾಗಲೂ ಅಣ್ಣ ಎರಡು ಸಲ ಒಲ್ಲೆ ಅಂದಿದ್ದ. ಆಗಿನ ಪ್ರಿನ್ಸಿಪಾಲರು ಮೂರನೇ ಸಲ ಮನೆಗೇ ಬಂದು, ನನ್ನ ಕೈಯ ಚಹಾ ಕುಡಿದು ಒಪ್ಪಿಸಿದ್ದರು. ಮೊದಲ ಸಲಕ್ಕೇ ಹೂಂ ಎನ್ನುವವನನ್ನು ನಮ್ಮಲ್ಲಿ ಆಸೆಬುರುಕ ಎನ್ನುತ್ತಾರೆ.

ಫ್ರಾವ್ ಕೆಲ್ಲರ್ "ಶಾಡೆ" ಎಂದಳು. ಛೇ, ಬೇಸರವಾಯಿತು ಎಂದು ಅದರ ಅರ್ಥವಂತೆ. ಅಣ್ಣನ ಭುಜ ತಟ್ಟಿ ಎದ್ದು ಹೋದಳು. ಅಣ್ಣ ಅವಳ ಬೆನ್ನನ್ನು ನೋಡುತ್ತ ಕೂತ.

ವೀರೇಶನಿಗೆ ಅನುಮಾನ ಬಂತು. ನಾನು ಉಳಿದ ಹೋಳಿಗೆ ಡಬ್ಬಿಗೆ ತುಂಬುತ್ತಿದ್ದೆ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕಾರ, ಸರ್ ಖರೇನ ಬ್ಯಾಡ ಅಂದ್ರೋ, ಹಂಗ ಬಾಯಿಮಾತಿಗೆ ಅಂದ್ರೋ? ಇಲ್ಲಿ ಮಂದಿ ಒಂದ ಸಲ ಕೇಳ್ತಾರ್ರಿ. ನೀವು ಹೇಳ್ರಿ, ನಾ ಹೋಗಿ ಮಾತಾಡ್ತೀನಿ."

"ಖರೇನ ಅಂದಾನ," ಎಂದೆ. "ಅವಂಗ ಮೊದಲಿನ ಶಕ್ತಿ ಇಲ್ಲಪ್ಪಾ. ಬಿಟ್ಟುಬಿಡು."

ಯಾಕೆ ಹಾಗೆಂದೆ? ಒಬ್ಬಳೇ ವಿಮಾನದಲ್ಲಿ ಮರಳಬೇಕಾಗುತ್ತದೆ ಎಂಬ ಅಂಜಿಕೆ ಎಂದು ಬರೆದರೆ ಓದುವವರು ಕನಿಕರ ಪಡುತ್ತಾರೆ. ಅಂಜಿಕೆ ಇದ್ದದ್ದು ನಿಜ. ಆದರೆ ಬಾಯಿಗೆ ಆ ಮಾತು ಬರುವಾಗ ನನಗೆ ವಿಮಾನದ ನೆನಪೇ ಇರಲಿಲ್ಲ. ನಿವೃತ್ತನಾದ ಮೇಲೆ ಅಣ್ಣ ಮೊದಲ ಸಲ ಮಧ್ಯಾಹ್ನ ಮನೆಯಲ್ಲಿ ಉಣ್ಣತೊಡಗಿದ್ದ. ಬಿಸಿ ರೊಟ್ಟಿ ತಟ್ಟುವಾಗ ಎದುರು ಕೂತು, "ಇವತ್ತ ಪಲ್ಯ ಏನ ಮಾಡೀದಿ?" ಎಂದು ಕೇಳುತ್ತಿದ್ದ. ಅವನಿಗೆ ಆ ದಿನಗಳು ಸಾವಿನಂತಿದ್ದವು, ನನಗೆ ಹಬ್ಬದಂತಿದ್ದವು. ಇನ್ನೊಂದು ಮೈದಾನ ಅವನನ್ನು ಒಯ್ಯುತ್ತದೆ ಎಂದು ಕಂಡಿತು, ಕೂಡಲೇ ಬಾಯಿ ಮಾತಾಡಿತು. ಅಷ್ಟೇ ಕಾರಣವೋ, ಇನ್ನೇನಾದರೂ ಇತ್ತೋ, ಈಗಲೂ ನನಗೆ ಬಗೆಹರಿದಿಲ್ಲ.

ಬಾನ್

ರೇಖಾಳ ತಮ್ಮ ಬಾನ್‌ನಲ್ಲಿ ಓದುತ್ತಿದ್ದ. ಅವನನ್ನು ನೋಡಲು, ಹಾಗೇ ರೈನ್ ನದಿಯನ್ನೂ ನೋಡಲು ಎಲ್ಲರೂ ರೈಲಿನಲ್ಲಿ ಹೋದೆವು. ರೈಲಿನಲ್ಲಿ ಯಾರೂ ಯಾರನ್ನೂ ನಿಮ್ಮದು ಯಾವ ಊರು ಎಂದು ಕೇಳಲಿಲ್ಲ. ನನ್ನ ಎದುರು ಕೂತಿದ್ದ ತಾಯಿಗೆ ನಾನು ನಕ್ಕು ಶೇಂಗಾ ಉಂಡಿ ಕೊಟ್ಟೆ. ಆಕೆ ಬೇಡ ಎಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಅವಳು ಇಳಿಯುವವರೆಗೆ, ಮತ್ತೊಮ್ಮೆ ಕೊಡಬೇಕಿತ್ತೋ ಏನೋ ಎಂದು ಅವಳ ಮುಖವನ್ನೇ ನೋಡಿದೆ. ಮುಖದಲ್ಲಿ ಏನೂ ಬರೆದಿರಲಿಲ್ಲ.

ಬಾನ್‌ಗೆ ಹೊರಡುವ ಹಿಂದಿನ ವಾರ ಮನೆಯ ಫೋನು ರಿಂಗಾದಾಗಲೆಲ್ಲ ಅಣ್ಣ ಓದುತ್ತಿದ್ದ ಪೇಪರು ಕೆಳಗಿಳಿಸುತ್ತಿದ್ದ. ಅಭ್ಯಾಸದ ದಿನ ವೀರೇಶನ ಜೊತೆ ಮೈದಾನಕ್ಕೆ ಹೋಗಿ ಬಂದ. ಬಿಳಿ ಪ್ಯಾಂಟು ತಾನೇ ಇಸ್ತ್ರಿ ಮಾಡಿಕೊಂಡಿದ್ದ. ಫ್ರಾವ್ ಕೆಲ್ಲರ್ ಕೈ ಕುಲುಕಿದಳಂತೆ, ಹವೆಯ ಬಗ್ಗೆ ಮಾತಾಡಿದಳಂತೆ.

ನದಿಯ ದಂಡೆಯ ಬೆಂಚಿನ ಮೇಲೆ ನಾವಿಬ್ಬರೇ ಕೂತೆವು. ಮನೆಗಿಂತ ಉದ್ದದ ದೋಣಿಗಳು ಕಲ್ಲಿದ್ದಲು ಹೇರಿಕೊಂಡು ಹೋಗುತ್ತಿದ್ದವು. ಒಂದು ದೋಣಿಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು, ಪಕ್ಕದಲ್ಲಿ ಒಂದು ಕಾರು ನಿಂತಿತ್ತು. ಅದು ದೋಣಿಯೋ ಮನೆಯೋ ರಸ್ತೆಯೋ ತಿಳಿಯಲಿಲ್ಲ. ಅಣ್ಣ ಅದನ್ನು ನೋಡಲಿಲ್ಲ.

"ಕಮಲೀ."

"ಹೂಂ."

"ಅವರು ಮರ್ಯಾದಿಗೆ ಕೇಳಿದ್ರು ನೋಡು. ದೂರದಿಂದ ಬಂದಾನ ಮುದುಕ, ಒಂದು ಮಾತು ಕೇಳೂಣು ಅಂತ. ನಾ ಹುಚ್ಚ, ಖರೇ ಅಂತ ತಿಳದೆ."

"ಹಂಗೇನಿರಲಿಕ್ಕಿಲ್ಲ" ಎಂದೆ.

"ಮತ್ತ ಬೇಕಾಗಿದ್ರ ಇನ್ನೊಮ್ಮೆ ಕೇಳ್ತಿರಲಿಲ್ಲೇನು? ನಮ್ಮ ಕಾಲೇಜಿನವರು ಆಟಾನ ನಿಲ್ಲಿಸಿದ್ರು, ಇನ್ನ ನೀ ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ರು. ಅದಾದ್ರೂ ಚಲೋ." ಅಣ್ಣ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. "ಜಗತ್ತಿನಾಗ ಎಲ್ಲೂ ಬ್ಯಾಡ ಆದ ಮನುಷ್ಯಾ ನಾನು."

ಅವನು ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎಷ್ಟು ಸೋಲು ಸೋತು ಬಂದಾಗಲೂ ಉಂಡು ಎದ್ದು ಮರುದಿನ ಮೈದಾನಕ್ಕೆ ಹೋದವನು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗ ರೇಖಾಳ ತಮ್ಮ ಎಲ್ಲರಿಗೂ ಐಸ್‌ಕ್ರೀಮು ತಂದ. ನಾನು ಅದನ್ನು ತಿಂದೆ.

ಮತ್ತೆ ಮೈದಾನ

ಮರಳುವ ದಿನ ಹತ್ತಿರ ಬಂತು. ಅಭ್ಯಾಸದ ದಿನವಾದರೂ ಅಣ್ಣ ಹೊರಡಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದ. ವೀರೇಶ ಆಫೀಸಿನಲ್ಲಿದ್ದ, ರೇಖಾ ಮಗಳನ್ನು ಈಜಿಗೆ ಕರೆದೊಯ್ದಿದ್ದಳು. ನಾನು ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟೆ. ಹೊಲಗಳ ನಡುವೆ ಡಾಂಬರಿನ ಕಾಲುದಾರಿ ಇತ್ತು. ಗೋವಿನಜೋಳ ತಲೆಗಿಂತ ಎತ್ತರ ಬೆಳೆದು ಎರಡೂ ಕಡೆ ಗೋಡೆಯಾಗಿತ್ತು. ಒಂದು ಕಡೆ ದಾರಿ ಮೂರಾಯಿತು. ಸೈಕಲ್ಲಿನ ಮೇಲೆ ಬಂದ ಮುದುಕನನ್ನು ತಡೆದು ಬ್ಯಾಟು ಬೀಸುವಂತೆ ಕೈ ಬೀಸಿದೆ. ಅವನು ಹೆದರಿ ಒಂದು ಕಾಲು ನೆಲಕ್ಕೂರಿದ. "ಬೇಸ್‌ಬಾಲ್" ಎಂದೆ. ಆಗ ನಕ್ಕು ಎಡಕ್ಕೆ ತೋರಿಸಿದ.

ಫ್ರಾವ್ ಕೆಲ್ಲರ್ ಸುಣ್ಣದ ಗಾಡಿ ತಳ್ಳುತ್ತ ಗೆರೆ ಹಾಕುತ್ತಿದ್ದಳು. ನಾನು ಕಲಿತುಕೊಂಡು ಹೋಗಿದ್ದ ಮಾತು ಹೇಳಿದೆ: "ಬ್ರದರ್ ನೋ. ನೋ ಈಸ್ ಎಸ್."

ಅವಳು ಹುಬ್ಬು ಗಂಟಿಕ್ಕಿದಳು. "ನೋ?"

"ಎಸ್."

"ಎಸ್?"

"ನೋ ನೋ. ಬ್ರದರ್ ನೋ, ಎಸ್!"

ನಾನು ಊಟಕ್ಕೆ ಕೂತವನ ಹಾಗೆ ಎಲೆಗೆ ಕೈ ಅಡ್ಡ ಹಿಡಿದು ತೋರಿಸಿದೆ, ಆ ಕೈಯನ್ನು ಇನ್ನೊಂದು ಕೈಯಿಂದ ಸರಿಸಿ ತೋರಿಸಿದೆ. ಅವಳು ನನಗೆ ಹಸಿವಾಗಿದೆ ಎಂದು ತಿಳಿದು ಚೀಲದಿಂದ ಒಂದು ಸೇಬು ತೆಗೆದು ಕೊಟ್ಟಳು. ನನಗೆ ಅಳು ಬಂತು. ಆಗ ಅವಳು ಮೊಬೈಲು ತೆಗೆದು ವೀರೇಶನಿಗೆ ಹಚ್ಚಿ ನನ್ನ ಕಿವಿಗೆ ಹಿಡಿದಳು.

ವೀರೇಶನಿಗೆ ಎಲ್ಲ ಹೇಳಿದೆ. "ಅಕ್ಕಾರ, ಎಂಥಾ ಕೆಲಸ ಮಾಡಿದ್ರಿ" ಎಂದ. "ಅವರಿಗೆ ಕೊಡ್ರಿ ಫೋನು."

ಫೋನು ಆ ಕಿವಿಯಿಂದ ಈ ಕಿವಿಗೆ ಹೋಗಿ ಬಂತು. ಮೈದಾನದ ಆ ತುದಿಯಲ್ಲಿ ಒಬ್ಬ ಹೊಸ ಯುವಕ ಟೊಪ್ಪಿಗೆ ಹಿಂದುಮುಂದು ಹಾಕಿಕೊಂಡು ಮಕ್ಕಳಿಗೆ ಚೆಂಡು ಎಸೆಯುತ್ತಿದ್ದ. ಅವನಾರೆಂದು ನನಗೆ ಫೋನು ಮರಳಿ ಬರುವ ಮೊದಲೇ ತಿಳಿದಿತ್ತು.

"ಅಕ್ಕಾರ, ಬ್ಯಾರೆಯವರನ್ನ ಗೊತ್ತುಮಾಡ್ಯಾರ್ರಿ. ಇಲ್ಲೇ ಹತ್ತಿರ ಇರೋ ಅಮೆರಿಕದವರ ಮಿಲಿಟರಿ ಕ್ಯಾಂಪಿನಿಂದ ಬಂದಾನಂತ. ಮಾತು ಕೊಟ್ಟಾದ ಮ್ಯಾಲೆ ತೆಗೆಯಾಕ ಬರೂದಿಲ್ಲ ಅಂತಾರ."

"ಇನ್ನೊಮ್ಮೆ ಯಾಕ ಕೇಳಲಿಲ್ಲ ಅಂತ ಕೇಳಪ್ಪಾ ಆಕೀನ."

ಅವನು ಕೇಳಿದ. ಫ್ರಾವ್ ಕೆಲ್ಲರ್ ನನ್ನ ಮುಖ ನೋಡುತ್ತಲೇ ಫೋನಿನಲ್ಲಿ ಉತ್ತರ ಕೊಟ್ಟಳು. ವೀರೇಶ ಹೇಳಿದ: "ಸಂಘದ ಮೀಟಿಂಗಿನಾಗ ಸರ್ ಹೆಸರಿಗೆ ಎಲ್ಲಾರೂ ಕೈ ಎತ್ತಿದ್ರಂತ. ಒಬ್ಬರೂ ಬ್ಯಾಡ ಅನ್ನಲಿಲ್ಲಂತ. ಆದ್ರ ಅಷ್ಟು ವರ್ಷ ಕೋಚ್ ಆಗಿದ್ದ ಮನುಷ್ಯಾ ನೋ ಅಂದ್ರ, ಅವರ ಮಾತು ನಂಬದ ಮತ್ತ ಕೇಳಿದ್ರ ಅವಮಾನ ಮಾಡಿದಂಗ ಆಗ್ತಿತ್ತು ಅಂತಾರ."

ನನಗೆ ಅವಳ ಮೇಲೆ ಸಿಟ್ಟಾಗಲು ಒಂದು ಕಾರಣವೂ ಸಿಗಲಿಲ್ಲ. ಸೇಬು ಹಿಡಿದುಕೊಂಡು ಅದೇ ದಾರಿಯಲ್ಲಿ ಮರಳಿದೆ.

"ಸರ್‌ಗೆ ನಾ ಹೇಳೂದಿಲ್ಲ. ಹೇಳೂದು ಬಿಡೂದು ನಿಮಗ ಬಿಟ್ಟದ್ದು" ಎಂದಿದ್ದ ವೀರೇಶ. ಅವನು ಬೈದಿದ್ದರೆ ಒಳ್ಳೆಯದಿತ್ತು. ಹೇಳದಿದ್ದರೆ ಯಾರಿಗೂ ಬೇಡವಾದವನು ತಾನು ಎಂದೇ ಅಣ್ಣ ಊರಿಗೆ ಹೋಗುತ್ತಾನೆ. ಹೇಳಿದರೆ, ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ತಂಗಿ ಏನು ಮಾಡಿದಳು ಎಂದು ತಿಳಿಯುತ್ತದೆ.

ಮತ್ತೆ ಫ್ರಾಂಕ್‌ಫರ್ಟ್

ವೀರೇಶ ನಮ್ಮನ್ನು ಒಳಗೆ ಕಳಿಸಿ ಹೋದ. ಗಾಜಿನ ಗೋಡೆಯ ಹತ್ತಿರ ಕುರ್ಚಿಗಳಲ್ಲಿ ಕೂತೆವು. ಹೊರಗೆ ನಮ್ಮ ವಿಮಾನಕ್ಕೆ ಪೆಟ್ಟಿಗೆ ಹೇರುತ್ತಿದ್ದರು.

"ಅಣ್ಣಾ, ಅವರು ಮರ್ಯಾದಿಗೆ ಕೇಳಿದ್ದಲ್ಲ."

"ಯಾರು?"

"ಆ ಹೆಣ್ಣಮಗಳು, ಕೆಲ್ಲರ್. ಅವತ್ತ ನೀ ಖರೇನ ಬ್ಯಾಡ ಅಂದೀ ಏನು ಅಂತ ವೀರೇಶ ನನ್ನ ಕೇಳಿದ್ದ. ನಾ ಹೌದು ಅಂದೆ. ಅವಂಗ ಶಕ್ತಿ ಇಲ್ಲ, ಬಿಟ್ಟುಬಿಡು ಅಂದೆ."

ಅಣ್ಣ ನನ್ನ ಕಡೆ ತಿರುಗಿದ. ಆಟದ ನಡುವೆ ಅವನು ಯಾರನ್ನೂ ಬೈದವನಲ್ಲ. ಆಟ ಮುಗಿದ ಮೇಲೆ ತಪ್ಪು ಮಾಡಿದವನನ್ನು ಮೈದಾನದ ಮೂಲೆಗೆ ಕರೆದು ಎರಡೇ ಮಾತು ಆಡುತ್ತಿದ್ದ. ಅದನ್ನು ಕೇಳಿ ಬಂದ ಹುಡುಗರು ನಮ್ಮ ಮನೆಯಲ್ಲಿ ಉಣ್ಣದೇ ಎದ್ದದ್ದನ್ನು ನಾನು ನೋಡಿದ್ದೇನೆ. ಆ ಎರಡು ಮಾತಿಗಾಗಿ ಕಾದೆ.

"ಅಂದ್ರ, ಖರೇನ ಕೇಳಿದ್ರು?"

"ಹೂಂ."

"ನಿನಗ ಹ್ಯಾಂಗ ಗೊತ್ತು?"

ಜೋಳದ ಹೊಲದ ದಾರಿ, ಸುಣ್ಣದ ಗಾಡಿ, ಫೋನು, ಹೊಸ ಹುಡುಗ, ಎಲ್ಲ ಹೇಳಿದೆ. ಮೀಟಿಂಗಿನಲ್ಲಿ ಕೈ ಎತ್ತಿದ್ದನ್ನೂ ಹೇಳಿದೆ.

"ಎಲ್ಲಾರೂ ಎತ್ತಿದ್ರಂತ?"

"ಎಲ್ಲಾರೂ. ಒಬ್ಬರೂ ಬ್ಯಾಡ ಅನ್ನಲಿಲ್ಲಂತ."

ಅಣ್ಣ ಕುರ್ಚಿಯಲ್ಲಿ ನೆಟ್ಟಗಾದ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿಕೊಂಡ. ಕಿವಿಗಳು ಕೆಂಪಾಗುತ್ತಿದ್ದವು.

"ನನ್ನ ಬಯ್ಯಣ್ಣಾ" ಎಂದೆ.

"ತಡಿ. ಕೈ ಎತ್ತಿದ್ರು ಅಂದ್ಯಲ್ಲ, ಅದನ್ನ ಮೊದಲಿಂದ ಹೇಳು."

ಹೇಳಿದೆ. ವಿಮಾನದೊಳಗೆ ಪಟ್ಟಿ ಕಟ್ಟಿಕೊಂಡ ಮೇಲೆ ಮತ್ತೆ ಕೇಳಿದ, ಮತ್ತೆ ಹೇಳಿದೆ. ಯಾವ ದೇಶದ ಮೇಲೋ ಹಾರುವಾಗ ನಿದ್ದೆಯಿಂದ ಎಚ್ಚತ್ತು, "ಅವಮಾನ ಮಾಡಿದಂಗ ಆಗ್ತಿತ್ತು ಅಂದ್ಲೇನು ಆಕಿ?" ಎಂದ. ಹೌದು ಎಂದೆ. ಪ್ರತಿ ಸಲವೂ ಮಾತಿನ ನಡುವೆ ನಾನು ಮಾಡಿದ್ದು ಬರುತ್ತಿತ್ತು. ಪ್ರತಿ ಸಲವೂ ಅವನು ಕೆಸರು ದಾಟುವವನ ಹಾಗೆ ಅದನ್ನು ದಾಟಿ ಎತ್ತಿದ ಕೈಗಳ ಕಡೆಗೆ ಹೋಗುತ್ತಿದ್ದ. ಕ್ಷಮಿಸಿದನೋ, ಕೇಳಿಸಿಕೊಳ್ಳಲೇ ಇಲ್ಲವೋ, ನನಗೆ ತಿಳಿಯಲಿಲ್ಲ.

ಈಗ ಗದಗಿನ ನಮ್ಮ ಮನೆಗೆ ಯಾರೇ ಬರಲಿ, ಹಳೆಯ ಆಟಗಾರರಿರಲಿ, ಓಣಿಯವರಿರಲಿ, ಚಹಾ ತಂದಿಡುವಷ್ಟರಲ್ಲಿ ಅಣ್ಣ ಹೇಳುತ್ತಾನೆ: "ಕಮಲೀ, ಜರ್ಮನಿಯವರು ನನ್ನ ಕೇಳಿದ್ದು ಹೇಳು ಇವರಿಗೆ." ನಾನು ತಟ್ಟೆ ಹಿಡಿದು ನಿಂತಲ್ಲೇ ಹೇಳುತ್ತೇನೆ. ಏನನ್ನೂ ಬಿಡುವುದಿಲ್ಲ, ವೀರೇಶ ಕೇಳಿದಾಗ ನಾನು ಅಂದದ್ದನ್ನೂ. ಬಂದವರು ನನ್ನ ಮುಖ ನೋಡುತ್ತಾರೆ. ಅಣ್ಣ ಬಂದವರ ಮುಖ ನೋಡುತ್ತಾನೆ.